ಮೂಗುದಾರ ಇಲ್ಲದ ಬಂಡಿ

ನಾಯಿ ಸಿನಿಮಾ ಅಂದರೆ ಸಾಕು, ಟಿಕೆಟ್ ಬುಕ್ ಮಾಡುವ ಮೊದಲೇ ಗೆಳೆಯರು ಎಚ್ಚರಿಸುತ್ತಾರೆ: ಕರ್ಚೀಫ್ ತಗೊಂಡು ಹೋಗು. ಒಂಟಿ ಮನುಷ್ಯನ ಮನೆಗೆ ನಾಯಿ ಬರುತ್ತದೆ, ಅವನ ಬದುಕು ಸರಿ ಮಾಡುತ್ತದೆ, ಕೊನೆಗೆ ಸಾಯುತ್ತದೆ. ನಾವು ಅತ್ತು, ಮೂಗು ಒರೆಸಿಕೊಂಡು, ಪಾರ್ಕಿಂಗ್‌ಗೆ ಬರುವಷ್ಟರಲ್ಲಿ ಸ್ಟೇಟಸ್ ಹಾಕಿರುತ್ತೇವೆ. ಅಳುವುದು ಒಳ್ಳೆಯದೇ. ನನ್ನ ತಕರಾರು ಬೇರೆ. ಈ ಸಿನಿಮಾಗಳಲ್ಲಿ ನಾಯಿಗೆ ಕೆಲಸ ಇರುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅದು ಏನು ಮಾಡುತ್ತದೆ, ಅದಕ್ಕೆ ಏನು ಮಾಡಲು ಬರುತ್ತದೆ, ಅದರ ಹೆಮ್ಮೆ ಯಾವುದರಲ್ಲಿದೆ ಅನ್ನುವ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಾಯಿ ಒಂದೋ ಮಗು, ಇಲ್ಲಾ ದೇವರು. ನಡುವೆ ಏನೂ ಇಲ್ಲ.

ಈ ತಕರಾರು ಹುಟ್ಟಿದ್ದು ಎರಡು ಕಡೆಯಿಂದ. ಒಂದು, ನಾನು ಬಸವಕಲ್ಯಾಣದ ಪಕ್ಕದ ನಾರಾಯಣಪುರದವನು, ಎತ್ತಿನ ಬಂಡಿ ಇದ್ದ ಮನೆಯವನು. ಎರಡು, ಮೂವತ್ನಾಲ್ಕನೇ ವಯಸ್ಸಿನಲ್ಲಿ, ತಲೆಯಲ್ಲಿ ನಾಲ್ಕು ಬಿಳಿಕೂದಲು ಕಾಣಿಸಿಕೊಂಡ ಮೇಲೆ, ನನಗೆ ಮಶಿಂಗ್ ಅನ್ನುವ ಹುಚ್ಚು ಹಿಡಿಯಿತು. ಮಶಿಂಗ್ ಅಂದರೆ ನಾಯಿಗಳನ್ನು ಕಟ್ಟಿ ಹಿಮದ ಮೇಲೆ ಜಾರುಬಂಡಿ ಓಡಿಸುವುದು. ಓಡಿಸುವವನು ಮಶರ್. 42 ಡಿಗ್ರಿ ಬಿಸಿಲಿನ ಬೀದರ್ ಜಿಲ್ಲೆಯವನಿಗೆ ಈ ಹುಚ್ಚು ಯಾಕೆ ಅಂತ ಕೇಳಿದರೆ ಉತ್ತರ ಸರಳ. ಕಂಪನಿ ಪ್ರಾಜೆಕ್ಟ್ ಮೇಲೆ ಒಂದು ಚಳಿಗಾಲ ಅಮೆರಿಕದ ಮಿನಿಯಾಪೊಲಿಸ್‌ಗೆ ಕಳಿಸಿತು. ಜನವರಿ ಕೊನೆಯಲ್ಲಿ ಟೀಮಿನವರು ಡುಲೂತ್ ಊರಿಗೆ ಜಾನ್ ಬೇರ್‌ಗ್ರೀಸ್ ಮ್ಯಾರಥಾನ್ ನೋಡಲು ಕರೆದುಕೊಂಡು ಹೋದರು. ಸುಪೀರಿಯರ್ ಸರೋವರದ ದಂಡೆಗುಂಟ ಸುಮಾರು 300 ಮೈಲಿ ಓಡುವ ನಾಯಿಬಂಡಿ ಪಂದ್ಯ ಅದು. 19ನೇ ಶತಮಾನದ ಕೊನೆಯಲ್ಲಿ ಆ ದಾರಿಯಲ್ಲಿ ನಾಯಿಗಳ ಜೊತೆ ಸುಮಾರು 20 ವರ್ಷ ಟಪಾಲು ಹೊತ್ತ ಮೂಲನಿವಾಸಿ ಅನಿಶಿನಾಬೆ ಸಮುದಾಯದ ಮನುಷ್ಯನ ಹೆಸರನ್ನೇ ಪಂದ್ಯಕ್ಕೆ ಇಟ್ಟಿದ್ದಾರೆ. ಅಂದರೆ ನಮ್ಮ ಅಂಚೆಯಣ್ಣನ ಹೆಸರಲ್ಲಿ ಒಂದು ಜಾತ್ರೆ.

ಅಲ್ಲಿ ಕಂಡದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ವಿಮರ್ಶೆಯೆಲ್ಲ ಅದರ ಮೇಲೆ ನಿಂತಿದೆ. ಹೊರಡುವ ಮೊದಲು ನಾಯಿಗಳ ಗದ್ದಲ ಕೇಳಬಾರದು. ಬೊಗಳುತ್ತವೆ, ಕಿರುಚುತ್ತವೆ, ನಾಲ್ಕೂ ಕಾಲು ಎತ್ತಿ ಗಾಳಿಯಲ್ಲಿ ಹಾರಿ ಹಗ್ಗ ಜಗ್ಗುತ್ತವೆ. ಹಿಡಿದು ನಿಲ್ಲಿಸಲು ನಾಲ್ಕೈದು ಜನ ಬೇಕು. ಹಿಮದಲ್ಲಿ ಊರಿದ ಕೊಕ್ಕೆ ಕಿತ್ತು ಬಂಡಿ ಬಿಟ್ಟ ಆ ಕ್ಷಣ ಎಲ್ಲವೂ ಗಪ್‌ಚುಪ್. ಒಂದೂ ಬೊಗಳುವುದಿಲ್ಲ. ಉಸಿರಿನ ಸದ್ದು, ಬಂಡಿಯ ಪಟ್ಟಿ ಹಿಮ ಸವರುವ ಸದ್ದು, ಅಷ್ಟೇ. ಅವು ಬೇಡಿಕೊಳ್ಳುತ್ತಿದ್ದದ್ದೇ ಅದಕ್ಕಾಗಿ.

ಇನ್ನೊಂದು ಸಂಗತಿ ನನ್ನ ಒಳಗೆ ಹೊಕ್ಕಿತು. ಮಶರ್ ಕೈಯಲ್ಲಿ ಲಗಾಮು ಇಲ್ಲ. ಎತ್ತಿಗೆ ಮೂಗುದಾರ ಇದೆ, ಕುದುರೆಗೆ ಬಾಯಲ್ಲಿ ಕಬ್ಬಿಣ ಇದೆ. ಇಲ್ಲಿ ಬರೀ ಬಾಯಿಮಾತು. 'ಜೀ' ಅಂದರೆ ಬಲಕ್ಕೆ, 'ಹಾ' ಅಂದರೆ ಎಡಕ್ಕೆ, 'ಹೈಕ್' ಅಂದರೆ ನಡಿ, 'ವೋ' ಅಂದರೆ ನಿಲ್ಲು. ಮುಂದಿನ ನಾಯಿ ಕೇಳಿದರೆ ಬಂಡಿ ತಿರುಗುತ್ತದೆ, ಕೇಳದಿದ್ದರೆ ಇಲ್ಲ. ಒಳ್ಳೆಯ ಮುಂದಾಳು ನಾಯಿ ಮಂಜುಗಡ್ಡೆ ತೆಳುವಾಗಿದೆ ಅಂತ ಗೊತ್ತಾದರೆ ಯಜಮಾನ ಎಷ್ಟೇ ಕೂಗಿದರೂ ಹೆಜ್ಜೆ ಇಡುವುದಿಲ್ಲ. ಹಿಂದೆ ಬಂಡಿಗೆ ಹತ್ತಿರ ಇರುವ ಎರಡು ನಾಯಿಗಳು ಗಟ್ಟಿಮುಟ್ಟು, ತಿರುವಿನಲ್ಲಿ ಭಾರ ಹೊರುವುದು ಅವೇ. ನಡುವಿನವು ಬರೀ ದುಡಿಯುವವು. ಮಶರ್ ಕೂತು ಬರುವ ಸಾಹುಕಾರ ಅಲ್ಲ, ಏರಿನಲ್ಲಿ ಇಳಿದು ಓಡಬೇಕು, ನೂಕಬೇಕು, ನಿಂತಾಗ ಒಂದೊಂದು ನಾಯಿಯ ನಾಲ್ಕೂ ಪಾದಕ್ಕೆ ಬಟ್ಟೆಯ ಬೂಟು ತೊಡಿಸಬೇಕು, ತನಗಿಂತ ಮೊದಲು ಅವಕ್ಕೆ ಉಣಿಸಬೇಕು. ದೂರದ ಪಂದ್ಯದಲ್ಲಿ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಬೇಕು.

ರಾತ್ರಿ ಅವ್ವಗೆ ವಿಡಿಯೋ ತೋರಿಸಿದೆ. 'ನಾಯಿ ಬಂಡಿ ಎಳಿಲತ್ತಾವಾ? ಎತ್ತಿಗೇನಾಗ್ಯದ ಅಲ್ಲಿ?' ಅಂದಳು. ಸ್ವಲ್ಪ ಹೊತ್ತು ನೋಡಿ, 'ಖುಷಿಲೇ ಎಳಿಲತ್ತಾವ ಬಿಡು, ಬಾಲ ನೋಡು' ಅಂದಳು. ನಾನು ಆಮೇಲೆ ಓದಿದ ಎಷ್ಟೋ ಲೇಖನಗಳಿಗಿಂತ ಒಳ್ಳೆಯ ವಿಮರ್ಶೆ ಅದು.

ಹುಚ್ಚು ಹಿಡಿದ ಮೇಲೆ ಇಂಜಿನಿಯರ್ ಏನು ಮಾಡುತ್ತಾನೆ? ಲಿಸ್ಟ್ ಮಾಡುತ್ತಾನೆ. ಸಿಕ್ಕ ಸಿನಿಮಾ, ಸಿಕ್ಕ ಪುಸ್ತಕ ಎಲ್ಲ ನೋಡಿದೆ, ಓದಿದೆ. ನಡುವಯಸ್ಸಿನಲ್ಲಿ ಮನುಷ್ಯ ನಾಯಿಬಂಡಿಗೆ ಮನಸೋಲುವ ಕಥೆಗಳಲ್ಲಿ ಮುಖ್ಯವಾದವು ಎರಡು, ಮತ್ತು ತಮಾಷೆ ಏನೆಂದರೆ ಒಂದು ಇನ್ನೊಂದರ ಹೊಟ್ಟೆಯಿಂದ ಹುಟ್ಟಿದ್ದು. 1994ರಲ್ಲಿ ಬಂದ ಗ್ಯಾರಿ ಪಾಲ್ಸನ್ ಅವರ 'ವಿಂಟರ್‌ಡಾನ್ಸ್' ಪುಸ್ತಕ, ಮತ್ತು ಅದರ ಪ್ರೇರಣೆ ಅಂತ ಹೇಳಿಕೊಂಡು 2002ರಲ್ಲಿ ಡಿಸ್ನಿ ತೆಗೆದ 'ಸ್ನೋ ಡಾಗ್ಸ್' ಸಿನಿಮಾ.

ಸಿನಿಮಾದ ಬಗ್ಗೆ ಬೇಗ ಹೇಳಿ ಮುಗಿಸೋಣ. ಮಯಾಮಿಯ ಹಲ್ಲಿನ ಡಾಕ್ಟರ್ ಒಬ್ಬನಿಗೆ, ಪಾತ್ರ ಮಾಡಿದವರು ಕ್ಯೂಬಾ ಗುಡಿಂಗ್ ಜೂನಿಯರ್, ಅಲಾಸ್ಕಾದಲ್ಲಿ ನಾಯಿಗಳ ಒಂದು ತಂಡ ಆಸ್ತಿಯಾಗಿ ಬರುತ್ತದೆ. ಅವನು ಬೀಳುತ್ತಾನೆ, ಜಾರುತ್ತಾನೆ, ಕಚ್ಚಿಸಿಕೊಳ್ಳುತ್ತಾನೆ. ಕನಸಿನಲ್ಲಿ ನಾಯಿಗಳು ಮಾತಾಡುತ್ತವೆ. ಮಕ್ಕಳು ನಗುತ್ತಾರೆ. ಆದರೆ ಅವನು ಕಲಿತದ್ದು ಹೇಗೆ ಅಂತ ಸಿನಿಮಾ ತೋರಿಸುವುದೇ ಇಲ್ಲ. ಒಂದು ಹಾಡಿನ ಹೊತ್ತಿನಲ್ಲಿ ಬಡವ ಶ್ರೀಮಂತನಾಗುವ ನಮ್ಮ ಹಳೇ ಸಿನಿಮಾಗಳ ಹಾಗೆ, ದಡ್ಡ ಇದ್ದವನು ಜಾಣನಾಗಿಬಿಡುತ್ತಾನೆ. ಮೂವತ್ತು ದಾಟಿದ ಮೇಲೆ ಈಜು ಕಲಿತವರನ್ನು, ಸಂಗೀತ ಕಲಿತವರನ್ನು ಕೇಳಿ ನೋಡ್ರಿ. ತಡವಾಗಿ ಹುಟ್ಟಿದ ಪ್ರೀತಿಯಲ್ಲಿ ಇರುವ ಕಥೆಯೆಲ್ಲ ಆ ಕಲಿಕೆಯಲ್ಲೇ ಇರುವುದು. ಅದನ್ನು ಕತ್ತರಿಸಿ ಬಿಸಾಕಿದ ಮೇಲೆ ಉಳಿಯುವುದು ಬೀಳುವ ಜೋಕು ಮಾತ್ರ.

ಪುಸ್ತಕದಲ್ಲೂ ಮನುಷ್ಯ ಬೀಳುತ್ತಾನೆ, ಸಿನಿಮಾಗಿಂತ ಹೆಚ್ಚು ಬೀಳುತ್ತಾನೆ. ಪಾಲ್ಸನ್ ಮಿನ್ನೆಸೋಟಾದ ಕಾಡಿನಲ್ಲಿ ಬಲೆ ಹಾಕಿ ಪ್ರಾಣಿ ಹಿಡಿಯುವ ಕೆಲಸಕ್ಕೆ ನಾಯಿಬಂಡಿ ಇಟ್ಟುಕೊಂಡವರು. ಒಂದು ರಾತ್ರಿ ಮನೆ ಕಡೆ ತಿರುಗಬೇಕಾದ ಜಾಗದಲ್ಲಿ ತಿರುಗದೆ ನಾಯಿಗಳ ಜೊತೆ ಮುಂದಕ್ಕೆ ಹೋಗಿಬಿಡುತ್ತಾರೆ. ಅಲ್ಲಿಂದ ಅವರ ಬದುಕು ಬೇರೆ. ಬಲೆ ಹಾಕುವುದನ್ನು ಬಿಟ್ಟರು. 1983ರಲ್ಲಿ, ನಲವತ್ತು ದಾಟಿದ ಮೇಲೆ, ಇಡಿಟರಾಡ್ ಪಂದ್ಯಕ್ಕೆ ಇಳಿದರು. ಅಲಾಸ್ಕಾದ ಆಂಕರೇಜ್‌ನಿಂದ ನೋಮ್ ಊರಿನವರೆಗೆ ಸುಮಾರು 1,600 ಕಿ.ಮೀ., 1973ರಿಂದ ನಡೆಯುತ್ತಿರುವ ಪಂದ್ಯ. ಅವರು ಗೆಲ್ಲಲಿಲ್ಲ, ಗೆದ್ದವರ ಹತ್ತಿರಕ್ಕೂ ಬರಲಿಲ್ಲ. ಮುಗಿಸಿದರು, ಅಷ್ಟೇ.

ಈ ಪುಸ್ತಕದ ಹೆಚ್ಚುಗಾರಿಕೆ ಇರುವುದು ಪಂದ್ಯದಲ್ಲಲ್ಲ, ಅದಕ್ಕಿಂತ ಮೊದಲಿನ ಅಧ್ಯಾಯಗಳಲ್ಲಿ. ನಾಯಿಗಳನ್ನು ಅರ್ಥ ಮಾಡಿಕೊಳ್ಳಬೇಕೆಂದು ಪಾಲ್ಸನ್ ಮನೆ ಬಿಟ್ಟು ನಾಯಿಗಳ ನಡುವೆಯೇ ಮಲಗುತ್ತಾರೆ. ಯಾವುದು ಯಾರ ಜೊತೆ ಜಗಳ ಆಡುತ್ತದೆ, ಯಾವುದು ಮೋಸಗಾರ, ಯಾವುದು ಎಳೆಯುವ ಹಾಗೆ ನಟಿಸುತ್ತದೆ ಅಂತ ತಿಂಗಳುಗಟ್ಟಲೆ ನೋಡುತ್ತಾರೆ. ಕುಕಿ ಅನ್ನುವ ಮುಂದಾಳು ಹೆಣ್ಣುನಾಯಿ ಪುಸ್ತಕದಲ್ಲಿ ಮಗುವೂ ಅಲ್ಲ, ದೇವರೂ ಅಲ್ಲ. ಆಕೆ ಸೀನಿಯರ್. ಪಾಲ್ಸನ್ ಆಕೆಯ ಕೈಕೆಳಗೆ ಕೆಲಸ ಕಲಿತ ಜೂನಿಯರ್. ಟೀಮಿಗೆ ಹೊಸದಾಗಿ ಸೇರಿ, ಹತ್ತು ವರ್ಷದ ಹಳೇ ಕೋಡ್ ಬರೆದವರ ಎದುರು ಕೂತು ಕಲಿತವರಿಗೆ ಈ ಸಂಬಂಧ ಕೂಡಲೇ ಗೊತ್ತಾಗುತ್ತದೆ. ಆಮೇಲೆ ಹೃದಯದ ಕಾಯಿಲೆಯಿಂದ ಅವರು ನಾಯಿಗಳನ್ನು ಬಿಡಬೇಕಾಯಿತು. ನಾಯಿ ಸತ್ತು ಮನುಷ್ಯ ಅಳುವ ಕಥೆ ಸಾವಿರ ಇವೆ. ಇಲ್ಲಿ ನಾಯಿಗಳು ಗಟ್ಟಿಯಾಗಿವೆ, ಮನುಷ್ಯನ ಮೈ ಸೋತಿದೆ. ತಡವಾಗಿ ಸಿಕ್ಕಿದ್ದು ಬೇಗ ಕೈಬಿಟ್ಟು ಹೋಗುತ್ತದೆ ಅನ್ನುವ ಲೆಕ್ಕ ಪಾಲ್ಸನ್ ಅವರಿಗೆ ಗೊತ್ತಿದೆ, ಅದಕ್ಕೇ ಅವರ ನಗುವಿನಲ್ಲಿ ಒಂದು ಅವಸರ ಇದೆ.

ಇನ್ನು 'ಟೋಗೋ'. 2019ರ ಸಿನಿಮಾ, ನಿರ್ದೇಶಕ ಎರಿಕ್ಸನ್ ಕೋರ್, ಮಶರ್ ಲಿಯೊನ್‌ಹಾರ್ಡ್ ಸೆಪ್ಪಾಲನಾಗಿ ವಿಲೆಮ್ ಡಫೋ. ಕಥೆ ನಿಜದ್ದು. 1925ರ ಜನವರಿಯಲ್ಲಿ ನೋಮ್ ಊರಲ್ಲಿ ಗಂಟಲಮಾರಿ ರೋಗ ಬಿತ್ತು. ಔಷಧ ಬರಬೇಕಿದ್ದದ್ದು 674 ಮೈಲಿ ದೂರದ ನೆನಾನಾದಿಂದ. 20 ಮಶರ್‌ಗಳು, ಸುಮಾರು 150 ನಾಯಿಗಳು, ಕೈಯಿಂದ ಕೈಗೆ ದಾಟಿಸುತ್ತ ಐದೂವರೆ ದಿನದಲ್ಲಿ ಮುಟ್ಟಿಸಿದರು. ಕೊನೆಯ ಪಾಳಿ ಓಡಿದ ಬಾಲ್ಟೋ ನಾಯಿಗೆ ಹೆಸರು ಬಂತು, ಅದೇ ವರ್ಷ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರತಿಮೆಯೂ ನಿಂತಿತು. ಎಲ್ಲರಿಗಿಂತ ದೂರ, ಹೋಗುವುದು ಬರುವುದು ಸೇರಿ ಸುಮಾರು 260 ಮೈಲಿ ಓಡಿದ್ದು 12 ವರ್ಷದ ಟೋಗೋ. ಪ್ರೊಡಕ್ಷನ್‌ಗೆ ಕೊನೇ ಬಟನ್ ಒತ್ತಿದವನಿಗೆ ಅವಾರ್ಡ್ ಹೋಗುವುದನ್ನು ನೋಡಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ.

ಸಿನಿಮಾ ಮೊದಲರ್ಧ ನನಗೆ ತುಂಬಾ ಇಷ್ಟ. ಟೋಗೋ ಮರಿಯಿದ್ದಾಗ ಕೆಲಸಕ್ಕೆ ಬಾರದ್ದು ಅಂತ ಸೆಪ್ಪಾಲ ಬೇರೆಯವರಿಗೆ ಕೊಟ್ಟುಬಿಡುತ್ತಾನೆ, ಅದು ತಪ್ಪಿಸಿಕೊಂಡು ವಾಪಸ್ ಬರುತ್ತದೆ. ಬೇಲಿ ಹಾರಿ, ಮಣ್ಣು ಕೆದರಿ, ತಂಡದ ಹಿಂದೆ ಓಡುತ್ತದೆ. ಕೊನೆಗೆ ಬೇಸತ್ತು ಹಗ್ಗಕ್ಕೆ ಕಟ್ಟಿದಾಗ ತಣ್ಣಗಾಗುತ್ತದೆ. ಅದಕ್ಕೆ ಬೇಕಿದ್ದದ್ದು ಮುದ್ದು ಅಲ್ಲ, ಕೆಲಸ. ಇದನ್ನು ಇಷ್ಟು ಸರಿಯಾಗಿ ಹಿಡಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ.

ಎರಡನೇ ಅರ್ಧದಲ್ಲಿ ಸಿನಿಮಾಗೆ ಧೈರ್ಯ ಸಾಲದು. ಪರದೆಯ ಮೇಲೆ ಮುದಿ ಟೋಗೋ ನೋಮ್‌ನಲ್ಲಿ ಸೆಪ್ಪಾಲನ ಮನೆಯಲ್ಲೇ ಕೊನೆಯ ದಿನ ಕಳೆಯುತ್ತದೆ. ನಿಜದಲ್ಲಿ ಸೆಪ್ಪಾಲ ನಾಯಿಗಳನ್ನು ಕರೆದುಕೊಂಡು ಅಮೆರಿಕದ ಊರೂರು ತಿರುಗಿದ, ಟೋಗೋವನ್ನು ದೂರದ ಮೇನ್ ರಾಜ್ಯದ ಪೋಲಂಡ್ ಸ್ಪ್ರಿಂಗ್‌ನಲ್ಲಿ ಬೇರೊಬ್ಬರ ಹತ್ತಿರ ಬಿಟ್ಟ. 1929ರ ಡಿಸೆಂಬರ್‌ನಲ್ಲಿ ಅದು ಸತ್ತದ್ದು ಅಲ್ಲೇ. ಡಿಸ್ನಿಯವರಿಗೆ ಇದು ತೋರಿಸಲು ಮುಜುಗರ ಆಗಿರಬೇಕು. ಪ್ರೀತಿಸುವವನು ಬಿಟ್ಟುಕೊಡುತ್ತಾನಾ ಅಂತ ಪ್ರೇಕ್ಷಕ ಕೇಳಿಬಿಟ್ಟರೆ?

ಬಿಟ್ಟುಕೊಡುತ್ತಾನೆ. ನಮ್ಮ ಮನೆಯಲ್ಲಿ ದೇವಣಿ ಎತ್ತು ಇದ್ದವು. ಪಕ್ಕದ ಲಾತೂರು ಜಿಲ್ಲೆಯ ದೇವಣಿ ಊರಿನ ಹೆಸರಿನ ತಳಿ, ಬಿಳಿ ಮೈಮೇಲೆ ಕರಿ ಮಚ್ಚೆ, ಜೋತುಬಿದ್ದ ಕಿವಿ. ಕಾರಹುಣ್ಣಿಮೆಗೆ ಅಪ್ಪ ಅವುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿ, ಆಮೇಲೆ ತಾನು ಉಣ್ಣುತ್ತಿದ್ದ. ನನ್ನ ಬಿಇ ಮೂರನೇ ಸೆಮಿಸ್ಟರ್ ಫೀಸಿನ ಹೊತ್ತಿಗೆ ಆ ಜೋಡಿ ಸಂತೆಗೆ ಹೋಯಿತು. ಅಪ್ಪ ಅತ್ತದ್ದು ನಾನು ನೋಡಲಿಲ್ಲ. ಎಷ್ಟೋ ದಿನ ಕೊಟ್ಟಿಗೆ ಕಡೆಯ ಬಾಗಿಲಿನಿಂದ ಓಡಾಡಲಿಲ್ಲ, ಸುತ್ತು ಹಾಕಿ ಮುಂದಿನ ಬಾಗಿಲಿಂದ ಬರುತ್ತಿದ್ದ. ಆ ಮನುಷ್ಯನಿಗೆ ಎತ್ತಿನ ಮೇಲೆ ಪ್ರೀತಿ ಇರಲಿಲ್ಲ ಅಂತ ನನಗೆ ಯಾರೂ ಹೇಳಬಾರದು. ದುಡಿಯುವ ಪ್ರಾಣಿಯ ಮೇಲಿನ ಪ್ರೀತಿಯಲ್ಲಿ ಸಾಲ ಇದೆ, ಬಡತನ ಇದೆ, ಮಾರಾಟವೂ ಇದೆ. 'ಟೋಗೋ' ಆ ಪೋಲಂಡ್ ಸ್ಪ್ರಿಂಗ್ ದೃಶ್ಯ ತೆಗೆದಿದ್ದರೆ ದೊಡ್ಡ ಸಿನಿಮಾ ಆಗುತ್ತಿತ್ತು. ತೆಗೆಯದೆ ಒಳ್ಳೆಯ ಸಿನಿಮಾ ಆಗಿ ಉಳಿಯಿತು.

ಈಗ ನಮ್ಮದು. '777 ಚಾರ್ಲಿ', 2022, ನಿರ್ದೇಶಕ ಕಿರಣ್‌ರಾಜ್, ಧರ್ಮನಾಗಿ ರಕ್ಷಿತ್ ಶೆಟ್ಟಿ. ಮೈಸೂರಿನ ಫ್ಯಾಕ್ಟರಿ ಕೆಲಸಗಾರ, ಇಡ್ಲಿ, ಸಿಗರೇಟು, ಚಾಪ್ಲಿನ್ ಸಿನಿಮಾ, ಇಷ್ಟೇ ಬದುಕು. ಬ್ರೀಡರ್ ಕೈಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಬರುತ್ತದೆ, ಅದಕ್ಕೆ ಕ್ಯಾನ್ಸರ್, ಅದಕ್ಕೆ ಹಿಮ ಇಷ್ಟ. ಬೈಕಿಗೆ ಸೈಡ್‌ಕಾರ್ ಕಟ್ಟಿ ಹಿಮಾಲಯದ ಕಡೆ ಹೊರಡುತ್ತಾನೆ. ಇಲ್ಲಿ ಒಂದು ಚಂದದ ತಿರುವು ಇದೆ, ಬಹಳ ಜನ ಗಮನಿಸಿಲ್ಲ. ಅಲಾಸ್ಕಾದಲ್ಲಿ ನಾಯಿ ಮನುಷ್ಯನನ್ನು ಹಿಮದ ಮೇಲೆ ಎಳೆಯುತ್ತದೆ. ಇಲ್ಲಿ ಮನುಷ್ಯ ನಾಯಿಯನ್ನು ಹಿಮದವರೆಗೆ ಎಳೆದುಕೊಂಡು ಹೋಗುತ್ತಾನೆ. ಬಂಡಿ ಇದೆ, ಕೂತವರು ಬದಲಾಗಿದ್ದಾರೆ. ಬ್ರೀಡರ್ ದಂಧೆಯ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ ಜನಪ್ರಿಯ ಸಿನಿಮಾ ನಮ್ಮಲ್ಲಿ ಅಪರೂಪ, ಅದಕ್ಕೆ ನನ್ನ ಪೂರ್ತಿ ಮಾರ್ಕ್ಸ್.

ಆದರೂ ಚಾರ್ಲಿಗೆ ತನ್ನದು ಅಂತ ಏನಿದೆ? ಧರ್ಮನನ್ನು ಮನುಷ್ಯನನ್ನಾಗಿ ಮಾಡುವುದೇ ಅದರ ಕೆಲಸ. ಆಸೆ ಅಂತ ಇರುವ ಒಂದೇ ಒಂದು, ಹಿಮ, ಅದೂ ಧರ್ಮನ ತೀರ್ಥಯಾತ್ರೆಗೆ ನೆಪವಾಗುತ್ತದೆ. ತೇಜಸ್ವಿಯವರ 'ಕರ್ವಾಲೊ', 'ಪರಿಸರದ ಕತೆ'ಗಳ ಕಿವಿಯನ್ನು ಪಕ್ಕಕ್ಕಿಟ್ಟು ನೋಡ್ರಿ. ಕಿವಿ ಯಾರ ಬದುಕನ್ನೂ ಉದ್ಧಾರ ಮಾಡುವುದಿಲ್ಲ. ಅದಕ್ಕೆ ಅದರದೇ ಗದ್ದೆ, ಅದರದೇ ತರಲೆ, ಅದರದೇ ತನಿಖೆ. ಕನ್ನಡದಲ್ಲಿ ನಾಯಿಯನ್ನು ನಾಯಿಯಾಗಿ ಬಿಟ್ಟ ದಾರಿ ಒಂದಿತ್ತು. ಸಿನಿಮಾ ಆ ದಾರಿಯಲ್ಲಿ ಇನ್ನೂ ನಡೆದಿಲ್ಲ.

ಇದು ಬರೀ ರುಚಿಯ ಪ್ರಶ್ನೆ ಅಲ್ಲ, ಯಾಕೆಂದರೆ ನಾವು ತೆರೆಯ ಮೇಲೆ ಕಂಡದ್ದನ್ನು ಮನೆಗೆ ತರುವ ಜನ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸೈಬೀರಿಯನ್ ಹಸ್ಕಿ ಎಷ್ಟಿವೆ ಅಂತ ಲಿಫ್ಟಿನಲ್ಲಿ ಓಡಾಡಿದವರಿಗೆ ಗೊತ್ತು. ಸಾವಿರಾರು ವರ್ಷ ಎಳೆಯುವುದಕ್ಕಾಗಿಯೇ ರೂಪುಗೊಂಡ ಮೈ, ಎರಡು ಪದರದ ತುಪ್ಪಳ, ದಿನಕ್ಕೆ ಹತ್ತಾರು ಮೈಲಿ ಬೇಡುವ ಕಾಲು. ಅದಕ್ಕೆ ಸಿಗುವುದು ಎಸಿ ರೂಮು, ಬೆಳಿಗ್ಗೆ 15 ನಿಮಿಷ ವಾಕಿಂಗ್, ಇನ್‌ಸ್ಟಾಗ್ರಾಮ್ ಅಕೌಂಟು. ಸೋಫಾ ಹರಿಯುತ್ತದೆ, ರಾತ್ರಿ ಊಳಿಡುತ್ತದೆ, ಮಾಲೀಕರು 'ಇದು ಭಾಳ ಹಟಮಾರಿ' ಅನ್ನುತ್ತಾರೆ. ಹಟ ಅಲ್ಲರೀ, ನಿರುದ್ಯೋಗ.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. 2016ರಲ್ಲಿ ಕೆನಡಾದ ಫರ್ನ್ ಲೆವಿಟ್ 'ಸ್ಲೆಡ್ ಡಾಗ್ಸ್' ಅನ್ನುವ ಸಾಕ್ಷ್ಯಚಿತ್ರ ಮಾಡಿದರು. ಪಂದ್ಯ, ಪ್ರವಾಸದ ಸೀಸನ್ ಇಲ್ಲದಾಗ ಸರಪಳಿಯಲ್ಲೇ ದಿನ ಕಳೆಯುವ ನಾಯಿಗಳು ಅದರಲ್ಲಿವೆ. ನೋಡಲು ಕಷ್ಟ, ಆದರೆ ನೋಡಬೇಕು. ಇಡಿಟರಾಡ್‌ನಲ್ಲಿ ನಾಯಿಗಳು ಸಾಯುವುದು ನಿಜ, 2024ರ ಒಂದೇ ಪಂದ್ಯದಲ್ಲಿ ಮೂರು ಸತ್ತವು. ದೊಡ್ಡ ಪ್ರಾಯೋಜಕರು ಒಬ್ಬೊಬ್ಬರಾಗಿ ಕೈಬಿಟ್ಟಿದ್ದಾರೆ. ಈ ವಾದ ನಮಗೆ ಹೊಸದಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಬಂಡಿ ಓಟ ನಿಲ್ಲಿಸಿತು, 2017ರಲ್ಲಿ ಕರ್ನಾಟಕ ಕಂಬಳಕ್ಕೆ, ಎತ್ತಿನ ಗಾಡಿ ಓಟಕ್ಕೆ ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಕೋರ್ಟ್ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಎರಡೂ ಕಡೆಯ ಗೆಳೆಯರು ನನಗಿದ್ದಾರೆ, ವಾಟ್ಸಾಪ್ ಗ್ರೂಪಿನಲ್ಲಿ ಇಬ್ಬರಿಂದಲೂ ಬೈಸಿಕೊಂಡಿದ್ದೇನೆ.

ನನ್ನ ನಿಲುವು ಇಷ್ಟು. ಸಾಕ್ಷ್ಯಚಿತ್ರದ ಆರೋಪದಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯ ಇದೆ, ಅದು ವ್ಯಾಪಾರದ ಮೇಲಿನ ಆರೋಪ. ನೂರಾರು ನಾಯಿ ಸಾಕಿ, ಟೂರಿಸ್ಟ್‌ಗಳಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟು, ಕಾಲು ಸೋತ ಮೇಲೆ ಮರೆತುಬಿಡುವ ದಂಧೆಗೆ ಸಮರ್ಥನೆ ಇಲ್ಲ. ಆದರೆ ಎಳೆಯುವುದೇ ಹಿಂಸೆ ಅಂತ ಸಾಕ್ಷ್ಯಚಿತ್ರ ಒಂದು ಹೆಜ್ಜೆ ಮುಂದೆ ಹೋದಾಗ ನಾನು ನಿಲ್ಲುತ್ತೇನೆ. ಅದು ಕೆಲಸ ಅಂದರೆ ಬರೀ ಶಿಕ್ಷೆ ಅಂತ ತಿಳಿದವರ ವಾದ. ಕೆಲಸದಲ್ಲಿ ಪ್ರಾಣಿಗೂ ಒಂದು ಘನತೆ ಇರಬಹುದು ಅನ್ನುವುದನ್ನು ಅದು ಒಪ್ಪುವುದಿಲ್ಲ. ಕಾಯಕ ಅನ್ನುವ ಮಾತು ಹುಟ್ಟಿದ ಊರಿನ ಪಕ್ಕದವನಿಗೆ ಅದನ್ನು ನುಂಗುವುದು ಕಷ್ಟ.

ಹಾಗಾದರೆ ಹಿಮ ಇಲ್ಲದ ನಮಗೆ ಈ ಪ್ರೀತಿಯಿಂದ ಏನು ಉಪಯೋಗ? ಜಮೈಕಾದ ನ್ಯೂಟನ್ ಮಾರ್ಷಲ್ ಅವರ ಕಥೆ ಇದೆ. ಹಿಮವೇ ಬೀಳದ ದೇಶದಲ್ಲಿ, ಬೀದಿಯಿಂದ ರಕ್ಷಿಸಿದ ನಾಯಿಗಳನ್ನು ಚಕ್ರದ ಗಾಡಿಗೆ ಕಟ್ಟಿ ಪಳಗಿ, 2010ರಲ್ಲಿ ಇಡಿಟರಾಡ್ ಓಡಿ 47ನೆಯವರಾಗಿ ಮುಗಿಸಿದರು. ಅವರ ಮೇಲೆ ಒಂದು ಒಳ್ಳೆಯ ಸಿನಿಮಾ ಬರಬೇಕು, 'ಸ್ನೋ ಡಾಗ್ಸ್'ನ ಅವಮಾನಕ್ಕೆ ಅದೇ ಪರಿಹಾರ. ನಮ್ಮ ಕಡೆಯೂ ಕೆಲಸದ ನಾಯಿ ಇಲ್ಲವೆಂದಲ್ಲ. ಮುಧೋಳದ ನಾಯಿ ಓಡಲು, ಬೇಟೆಗೆ ಹುಟ್ಟಿದ್ದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿದೆ. ಅದರ ಮೇಲೆ ಕೆಲಸ ಮಾಡುವ ತಿಮ್ಮಾಪುರದ ಸಂಶೋಧನಾ ಕೇಂದ್ರ ಇರುವುದು ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ. ಬೇಲಿ ಕಾಯುವ, ಕುರಿ ಕಾಯುವ ಹೆಸರಿಲ್ಲದ ಊರನಾಯಿಗಳ ಲೆಕ್ಕ ಬೇರೆ. ಇವುಗಳ ಮೇಲೆ ಒಂದು ಕನ್ನಡ ಸಿನಿಮಾ ಯಾಕಾಗಬಾರದು? ಕೊನೆಗೆ ನಾಯಿ ಸಾಯಬೇಕಿಲ್ಲ. ಸಂಜೆ ಕುರಿ ಎಣಿಸಿ ಸರಿ ಇದ್ದರೆ ಅದೇ ಕ್ಲೈಮ್ಯಾಕ್ಸ್.

ನೋಡುವುದಾದರೆ 'ಟೋಗೋ' ಮೊದಲರ್ಧ ಎರಡು ಸಲ ನೋಡ್ರಿ. '777 ಚಾರ್ಲಿ' ನೋಡಿ ಅಳಿ, ಅತ್ತ ಮೇಲೆ ಬ್ರೀಡರ್ ಹತ್ತಿರ ಹೋಗಬೇಡ್ರಿ. 'ಸ್ನೋ ಡಾಗ್ಸ್' ಮನೆಗೆ ಮಕ್ಕಳು ಬಂದಾಗ ಹಾಕ್ರಿ. ಓದುವುದು ಒಂದೇ ಆದರೆ 'ವಿಂಟರ್‌ಡಾನ್ಸ್' ಓದ್ರಿ. ಓದಿ ಮುಗಿದ ಮೇಲೂ ಹಸ್ಕಿ ತರಬೇಕು ಅನ್ನಿಸಿದರೆ, ದಯವಿಟ್ಟು ಅದಕ್ಕೆ ಮೊದಲು ಒಂದು ನೌಕರಿ ಹುಡುಕಿಟ್ಟು ಆಮೇಲೆ ತರ್ರಿ.